ಮೂರು ಊರಿನ ಚೀಟಿ, ಒಂದೇ ಹೊಟ್ಟೆ

ರಾಯಬಾಗ ಸ್ಟೇಶನ್ನಿನಲ್ಲಿ ರೈಲು ಹತ್ತಿದರೆ ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ದಾಟಿ ಮಿರಜ. ಬೆಳಿಗ್ಗೆ ಹೋಗಿ ಡಾಕ್ಟರಿಗೆ ತೋರಿಸಿ ಸಂಜೆಗೆ ಮನೆ ಸೇರಬಹುದು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಆಸ್ಪತ್ರೆ ಆರಂಭಿಸಿದಂದಿನಿಂದ ಅಥಣಿ, ಕಾಗವಾಡ, ರಾಯಬಾಗ ಸೀಮೆಯವರಿಗೆ ದೊಡ್ಡ ಬ್ಯಾನಿ ಬಂತೆಂದರೆ ಮಿರಜದ ದಾರಿಯೇ ನೆನಪಾಗುತ್ತದೆ. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ಚಿಕ್ಕೋಡಿಯವರಲ್ಲಿ ಕೆಲವರು ಕೊಲ್ಲಾಪುರಕ್ಕೆ ಹೋಗುತ್ತಾರೆ, ಕೆಲವರು ಬೆಳಗಾವಿಗೆ. ಎದೆನೋವಿಗೆ ಒಂದೂರು, ಮೊಣಕಾಲಿಗೆ ಇನ್ನೊಂದೂರು, ನಡುನೋವಿಗೆ ಮತ್ತೊಂದೂರು. ಮೂರೂ ಕಡೆ ಒಳ್ಳೆಯ ಡಾಕ್ಟರುಗಳೇ ಇದ್ದಾರೆ. ಆದರೆ ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ನೋಡಿರುವುದಿಲ್ಲ.

ನಾನು ರಾಯಬಾಗ ತಾಲ್ಲೂಕಿನಲ್ಲಿ ಔಷಧ ಅಂಗಡಿ ನಡೆಸುವವಳು. ತವರು ನಿಪ್ಪಾಣಿ, ಫಾರ್ಮಸಿ ಓದಿದ್ದು ಬೆಳಗಾವಿಯಲ್ಲಿ. ಮಿರಜ, ಕೊಲ್ಲಾಪುರ, ಬೆಳಗಾವಿ ಈ ಮೂರೂ ಊರಿನ ಚೀಟಿಗಳು ಒಂದೇ ಮೇಜಿನ ಮೇಲೆ ಬಂದು ಬೀಳುವುದು ನಮ್ಮಂಥವರ ಅಂಗಡಿಯಲ್ಲಿ ಮಾತ್ರ. ಆದ್ದರಿಂದ ನೋವಿನ ಗುಳಿಗಿಗಳ ಬಗ್ಗೆ, ಅದರಲ್ಲೂ ಅಫೀಮು ಜಾತಿಯ ಔಷಧ ಮತ್ತು ಆಸ್ಪಿರಿನ್ ಒಂದೇ ದೇಹದಲ್ಲಿ ಕೂಡುವ ಬಗ್ಗೆ ಬರೆಯಬೇಕು ಅನ್ನಿಸಿದೆ.

ಕುಡಚಿ ಕಡೆಯ ಒಬ್ಬ ರೈತರ ಚೀಲದಲ್ಲಿದ್ದದ್ದನ್ನು ಹೇಳುತ್ತೇನೆ. ಎಪ್ಪತ್ತರ ಹತ್ತಿರದ ವಯಸ್ಸು, ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು. ಕ್ಯಾರಿಬ್ಯಾಗ್ ಮೇಜಿನ ಮೇಲಿಟ್ಟು ನಿಂತರು.

“ಅಕ್ಕಾರ, ಇದರಾಗ ಯಾವುದು ತಗೊಳ್ಲಿ, ಯಾವುದು ಬಿಡ್ಲಿ, ಒಂದೂ ತಿಳೀವಲ್ದು. ಹೊಟ್ಟಿ ಉರೀಲಿಕತ್ತೈತಿ. ಒಂದ ಉರಿ ಗುಳಿಗಿ ಕೊಟ್ಟಬಿಡ್ರಿ.”

“ಕೊಡ್ತೀನಿ ಕಾಕಾ. ಮೊದ್ಲ ಎಲ್ಲಾ ಹೊರಗ ತಗೀರಿ. ಒಂದೂ ಬಿಡಬ್ಯಾಡ್ರಿ.”

ಹೃದಯದ ಡಾಕ್ಟರು ಕೊಟ್ಟ ಆಸ್ಪಿರಿನ್ 75 ಮಿಲಿಗ್ರಾಂ, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್. ಮೊಣಕಾಲಿಗೆ ಇನ್ನೊಬ್ಬರು ಕೊಟ್ಟ ಅಸೆಕ್ಲೋಫೆನಾಕ್ 100 ಮತ್ತು ಪ್ಯಾರಾಸಿಟಮಾಲ್ 325. ನಡುನೋವಿಗೆ ಮತ್ತೊಬ್ಬರು ಕೊಟ್ಟ ಟ್ರಾಮಡಾಲ್ 37.5 ಮತ್ತು ಪ್ಯಾರಾಸಿಟಮಾಲ್ 325. ಊರಿನ ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಕೊಂಡ, ಅರ್ಧ ಹರಿದ ಪಟ್ಟಿಯೊಂದು. ಅದರಲ್ಲಿ ಡೈಕ್ಲೋಫೆನಾಕ್, ಅದರ ಜೊತೆಗೂ ಪ್ಯಾರಾಸಿಟಮಾಲ್ 325. ಕೊನೆಗೆ ಜ್ವರ ಬಂದಾಗ ತೆಗೆದುಕೊಂಡ 650ರ ಪ್ಯಾರಾಸಿಟಮಾಲ್. ಎಲ್ಲವನ್ನೂ ನುಂಗುತ್ತಿದ್ದರು.

ಲೆಕ್ಕ ಹಾಕಿ. ಮೂರು ಬಗೆಯ ನೋವಿನ ಗುಳಿಗಿ ದಿನಕ್ಕೆ ಎರಡು ಹೊತ್ತು ಅಂದರೆ ಪ್ಯಾರಾಸಿಟಮಾಲ್ 1,950 ಮಿಲಿಗ್ರಾಂ. ಜ್ವರದ ಗುಳಿಗಿ ಮೂರು ಸೇರಿದರೆ ಇನ್ನೊಂದು 1,950. ಒಟ್ಟು 3,900. ಆರೋಗ್ಯವಂತ ದೊಡ್ಡವರಿಗೆ ದಿನದ ಮಿತಿಯೇ 4,000. ಯಕೃತ್ತು ಸೋತವರಿಗೆ, ಕುಡಿಯುವವರಿಗೆ, ಊಟ ಕಡಿಮೆಯಾದ ವಯಸ್ಸಾದವರಿಗೆ ಅಷ್ಟೂ ಕೊಡುವಂತಿಲ್ಲ. ನಾಲ್ಕು ಪಟ್ಟಿಗಳ ಬಣ್ಣ ಬೇರೆ, ಹೆಸರು ಬೇರೆ. ಒಳಗಿರುವ ಔಷಧ ಒಂದೇ ಎಂದು ಅವರಿಗೆ ಗೊತ್ತಾಗುವುದಾದರೂ ಹೇಗೆ?

ಆದರೆ ನನಗೆ ಭಯ ಹುಟ್ಟಿಸಿದ್ದು ಹೊಟ್ಟೆಯ ಉರಿ. “ಕಾಕಾ, ಹೊರಕಡಿ ಕಪ್ಪಗ ಆಗತೈತೇನ್ರಿ?” ಎಂದು ಕೇಳಿದೆ. “ಹೌದ್ರಿ, ನಾಕ ದಿನಾ ಆತು. ಗುಳಿಗಿ ಬಣ್ಣ ಇರಬೇಕಂತ ಸುಮ್ಮ ಇದ್ದೆ” ಅಂದರು. ಕಬ್ಬಿಣಾಂಶದ ಗುಳಿಗಿ ತೆಗೆದುಕೊಂಡರೂ ಮಲ ಕಪ್ಪಾಗುವುದುಂಟು. ಇವರು ಅದನ್ನು ತೆಗೆದುಕೊಂಡಿರಲಿಲ್ಲ. ಆಸ್ಪಿರಿನ್ ತೆಗೆದುಕೊಳ್ಳುವವರ ಮಲ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆ ಬರುತ್ತಿದ್ದರೆ ಜಠರದಲ್ಲಿ ರಕ್ತ ಸೋರುತ್ತಿದೆ ಎಂದೇ ತಿಳಿಯಬೇಕು. ಉರಿಯ ಗುಳಿಗಿ ಕೊಟ್ಟು ಕಳಿಸುವ ಮಾತೇ ಇರಲಿಲ್ಲ. ಮಗನಿಗೆ ಫೋನ್ ಮಾಡಿಸಿ, ಎಲ್ಲ ಪಟ್ಟಿಗಳನ್ನೂ ಅದೇ ಚೀಲದಲ್ಲಿ ಹಾಕಿ, ಅವತ್ತೇ ಆಸ್ಪತ್ರೆಗೆ ಕಳಿಸಿದೆ. ಜಠರದಲ್ಲಿ ಹುಣ್ಣು ಸಿಕ್ಕಿತು. ನೋವಿನ ಗುಳಿಗಿ ನಿಲ್ಲಿಸಿದರು. ಆಸ್ಪಿರಿನ್ ಏನು ಮಾಡಬೇಕೆಂದು ಹೃದಯದ ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿದರು. ಅದೇ ಸರಿಯಾದ ಕ್ರಮ. ಸ್ಟೆಂಟ್ ಇರುವವರು ಆಸ್ಪಿರಿನ್ನನ್ನು ತಾವಾಗಿ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಕುತ್ತು ಬರಬಹುದು. ಅದನ್ನು ಬಿಡಿ ಎಂದು ಹೇಳುವ ಅಧಿಕಾರ ಅಂಗಡಿಯವರಿಗೂ ಇಲ್ಲ, ಪಕ್ಕದ ಮನೆಯವರಿಗೂ ಇಲ್ಲ.

ಆಸ್ಪಿರಿನ್, ಅಫೀಮು ಈ ಎರಡು ಜಾತಿಯ ಔಷಧಗಳು ಕೆಲಸ ಮಾಡುವ ಜಾಗವೇ ಬೇರೆ. ಪೆಟ್ಟು ಬಿದ್ದ ಜಾಗದಲ್ಲಿ ದೇಹ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತದೆ. ಬಾವು, ನೋವು ಅದರಿಂದಲೇ. ಆಸ್ಪಿರಿನ್ ಆ ತಯಾರಿಕೆಯನ್ನು ತಡೆಯುತ್ತದೆ. ಇದನ್ನು 1971ರಲ್ಲಿ ತೋರಿಸಿಕೊಟ್ಟ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು. ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ ಇದೇ ಪ್ರೋಸ್ಟಗ್ಲಾಂಡಿನ್. ನೋವು ಇಳಿಯುವಾಗ ಕಾವಲೂ ಹೋಗುತ್ತದೆ. ಜೊತೆಗೆ ಆಸ್ಪಿರಿನ್ ರಕ್ತದ ಪ್ಲೇಟ್‌ಲೆಟ್‌ಗಳ ಹೆಪ್ಪುಗಟ್ಟುವ ಶಕ್ತಿಯನ್ನು ಅವು ಬದುಕಿರುವಷ್ಟು ದಿನ, ಅಂದರೆ ಏಳರಿಂದ ಹತ್ತು ದಿನ, ಕುಂದಿಸಿಬಿಡುತ್ತದೆ. ಹೃದಯಕ್ಕೆ ಅದರಿಂದಲೇ ಒಳಿತು. ಹುಣ್ಣು ಇರುವವರಿಗೆ, ಡೆಂಗಿ ಜ್ವರ ಬಂದವರಿಗೆ ಅದರಿಂದಲೇ ಕೆಡುಕು.

ಒಪಿಯಾಯ್ಡ್ ಅಂದರೆ ಅಫೀಮಿನಿಂದ ಬಂದ, ಇಲ್ಲವೆ ಅಫೀಮಿನ ದಾರಿಯಲ್ಲೇ ಕೆಲಸ ಮಾಡುವ ಔಷಧ. ಮಾರ್ಫಿನ್, ಕೋಡೀನ್, ಟ್ರಾಮಡಾಲ್, ಟಪೆಂಟಡಾಲ್ ಎಲ್ಲವೂ ಈ ಮನೆತನದವು. ಇವು ಗಾಯದ ಕಡೆ ಹೋಗುವುದಿಲ್ಲ. ಮಿದುಳು, ಬೆನ್ನುಹುರಿಯಲ್ಲಿ ನೋವಿನ ಸುದ್ದಿ ತಲುಪುವ ಬಾಗಿಲಲ್ಲಿ ಕೂತು ತಡೆಯುತ್ತವೆ. ಉಸಿರಾಟವನ್ನು ನಡೆಸುವ ಕೇಂದ್ರವೂ ಅದೇ ಮಿದುಳಿನಲ್ಲಿದೆ. ಡೋಸು ಹೆಚ್ಚಾದರೆ ಉಸಿರು ನಿಧಾನವಾಗಿ ನಿಲ್ಲಬಹುದು. ಮಲಬದ್ಧತೆ, ತಲೆಸುತ್ತು, ವಾಂತಿ ಸಾಮಾನ್ಯ. ರಾತ್ರಿ ಎದ್ದು ಬಚ್ಚಲಿಗೆ ಹೊರಟ ಮುದುಕರು ಬಿದ್ದು ತೊಡೆಯ ಎಲುಬು ಮುರಿದುಕೊಳ್ಳುವುದೂ ಈ ತಲೆಸುತ್ತಿನಿಂದಲೇ.

ಜರ್ಮನಿಯ ಬಾಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞ 1897ರ ಆಗಸ್ಟಿನಲ್ಲಿ ಆಸ್ಪಿರಿನ್ ತಯಾರಿಸಿದ. ಅದೇ ತಿಂಗಳು ಅದೇ ಪ್ರಯೋಗಾಲಯದಲ್ಲಿ ಮಾರ್ಫಿನ್ನಿಂದ ಹೆರಾಯಿನ್ ಕೂಡ ತಯಾರಿಸಿದ. ಹೆರಾಯಿನ್ನನ್ನು ಕಂಪನಿ ಕೆಮ್ಮಿನ ಔಷಧವೆಂದು ಮಾರಿತು! ಒಪಿಯಾಯ್ಡನ್ನೂ ಆಸ್ಪಿರಿನ್ನನ್ನೂ ಒಂದೇ ಗುಳಿಗಿಯಲ್ಲಿ ಕೂಡಿಸುವ ಯೋಚನೆ ಆಮೇಲೆ ಬಂದದ್ದು. ಎರಡು ಕಡೆಯಿಂದ ನೋವನ್ನು ತಡೆದರೆ ಎರಡರ ಡೋಸೂ ಕಡಿಮೆ ಸಾಕು ಎಂಬುದು ಅದರ ಹಿಂದಿನ ತರ್ಕ. ತರ್ಕ ಸುಳ್ಳಲ್ಲ. ಹಲ್ಲು ಕೀಳಿಸಿದ ಮೇಲೆ, ಆಪರೇಶನ್ ಆದ ಮೇಲೆ, ನಾಲ್ಕು ದಿನದ ಮಟ್ಟಿಗೆ ಇಂಥ ಕೂಟ ನಿಜಕ್ಕೂ ಉಪಕಾರಿ.

ತೊಡಕು ಬರುವುದು ನೋವು ದಿನಗಟ್ಟಲೆ ಉಳಿದಾಗ. ಅಮೆರಿಕದಲ್ಲಿ ಪರ್ಕೋಡಾನ್ ಎಂಬ ಗುಳಿಗಿಯಿತ್ತು. ಆಕ್ಸಿಕೋಡೋನ್ ಎಂಬ ಬಲವಾದ ಒಪಿಯಾಯ್ಡ್ ಜೊತೆಗೆ ಆಸ್ಪಿರಿನ್ 325 ಮಿಲಿಗ್ರಾಂ. ದಿನಕ್ಕೆ ಹನ್ನೆರಡಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿರಲಿಲ್ಲ, ಏಕೆಂದರೆ ಅಷ್ಟರೊಳಗೆ ಆಸ್ಪಿರಿನ್ ನಾಲ್ಕು ಗ್ರಾಂ ಹತ್ತಿರ ಮುಟ್ಟಿರುತ್ತಿತ್ತು. ದಿನ ಕಳೆದಂತೆ ದೇಹ ಒಪಿಯಾಯ್ಡಿಗೆ ಒಗ್ಗಿಕೊಂಡು ಹೆಚ್ಚು ಕೇಳುತ್ತದೆ. ಜಠರ, ಮೂತ್ರಪಿಂಡಗಳು ಆಸ್ಪಿರಿನ್ನಿಗೆ ಎಂದೂ ಹಾಗೆ ಒಗ್ಗುವುದಿಲ್ಲ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಒಂದು ಓಡಬೇಕೆಂದರೆ ಇನ್ನೊಂದೂ ಓಡಲೇಬೇಕು, ಅದರ ಕಾಲು ಮುರಿದರೂ ಸರಿಯೇ. ಡೋಸನ್ನು ಬೇರೆಬೇರೆಯಾಗಿ ಏರಿಸುವ, ಇಳಿಸುವ ಸ್ವಾತಂತ್ರ್ಯವನ್ನು ಕೂಡುಗುಳಿಗಿ ಡಾಕ್ಟರಿಂದ ಕಿತ್ತುಕೊಳ್ಳುತ್ತದೆ. ಆಸ್ಪಿರಿನ್ ಅತಿಯಾದದ್ದರ ಮೊದಲ ಸುಳಿವು ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಒಪಿಯಾಯ್ಡಿನ ಮಂಪರಿನಲ್ಲಿರುವವರು ಅದನ್ನು ಗಮನಿಸದೇ ಹೋಗಬಹುದು.

ಪರ್ಕೋಡಾನ್ ನಮ್ಮ ಅಂಗಡಿಗೆ ಬಂದದ್ದಿಲ್ಲ. ನಮ್ಮಲ್ಲಿ ಬಹುಕಾಲ ಓಡಿದ್ದು ಪ್ರಾಕ್ಸಿವಾನ್ ಬಗೆಯವು, ಡೆಕ್ಸ್‌ಟ್ರೊಪ್ರೊಪಾಕ್ಸಿಫೀನ್ ಎಂಬ ಒಪಿಯಾಯ್ಡ್ ಇದ್ದಂಥವು. ಇದನ್ನೇ ಆಸ್ಪಿರಿನ್ ಮತ್ತು ಕೆಫೀನ್ ಜೊತೆ ಕೂಡಿಸಿ ಅಮೆರಿಕದಲ್ಲಿ ಡಾರ್ವಾನ್ ಕಾಂಪೌಂಡ್ ಎಂದು ಮಾರುತ್ತಿದ್ದರು. ಹೃದಯದ ಬಡಿತವನ್ನೇ ಕೆಡಿಸುತ್ತದೆಂದು 2010ರ ನವೆಂಬರಿನಲ್ಲಿ ಅಲ್ಲಿ ಈ ಔಷಧವನ್ನು ಮಾರುಕಟ್ಟೆಯಿಂದ ತೆಗೆಸಿದರು. 2013ರ ಮೇ ತಿಂಗಳಲ್ಲಿ ನಮ್ಮ ಸರ್ಕಾರವೂ ನಿಷೇಧದ ಆದೇಶ ಹೊರಡಿಸಿತು. ಆ ಖಾಲಿ ಜಾಗಕ್ಕೆ ಟ್ರಾಮಡಾಲ್ ಬಂದು ಕೂತಿತು.

ಇಲ್ಲಿ ಬೆಳಗಾವಿಯ ಹೆಸರು ಹೆಮ್ಮೆಯಿಂದ ಹೇಳಬೇಕು. ಫಾರ್ಮಸಿ ಓದಿದವರಿಗೆ ಕೋಕಾಟೆ ಅಂದರೆ ಒಂದು ಪಠ್ಯಪುಸ್ತಕ. ಕೋಕಾಟೆ, ಪುರೋಹಿತ, ಗೋಖಲೆ ಈ ಮೂವರು ಬರೆದ ಫಾರ್ಮಕಾಗ್ನಸಿಯನ್ನು ಓದದೆ ಯಾರೂ ಪಾಸಾಗುವುದಿಲ್ಲ. ಅದೇ ಚಂದ್ರಕಾಂತ ಕೋಕಾಟೆ ಅವರು ಬೆಳಗಾವಿಯ ಕೆಎಲ್ಇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ದೇಶದ ಮಾರುಕಟ್ಟೆಯಲ್ಲಿದ್ದ ಕೂಡುಗುಳಿಗಿಗಳಲ್ಲಿ ಅರ್ಥವಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಜರಡಿ ಹಿಡಿಯಲು ಕೇಂದ್ರ ಸರ್ಕಾರ ಅವರ ನೇತೃತ್ವದಲ್ಲೇ ಸಮಿತಿ ಮಾಡಿತು. ಆ ವರದಿಯ ಮೇಲೆ 2016ರ ಮಾರ್ಚ್ 10ರಂದು 344 ಕೂಡುಗುಳಿಗಿಗಳ ನಿಷೇಧವಾಯಿತು. ಕಂಪನಿಗಳು ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟ್ ಆದೇಶವನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟ್ ಮತ್ತೆ ಪರಿಶೀಲನೆಗೆ ಕಳಿಸಿತು. ಕೊನೆಗೆ 2018ರ ಸೆಪ್ಟೆಂಬರಿನಲ್ಲಿ 328ರ ನಿಷೇಧ ಹೊರಬಿತ್ತು. 2024ರ ಆಗಸ್ಟಿನಲ್ಲಿ ಇನ್ನೂ 156. ಅದರಲ್ಲಿ ಟ್ರಾಮಡಾಲ್, ಪ್ಯಾರಾಸಿಟಮಾಲ್, ಕೆಫೀನ್, ಟಾರಿನ್ ಎಂಬ ನಾಲ್ಕನ್ನು ಒಂದೇ ಗುಳಿಗಿಗೆ ತುಂಬಿದ್ದೂ ಒಂದು. ಮಂಪರು ತರಿಸುವುದಕ್ಕೆ ಒಂದು, ಎಚ್ಚರಿಸುವುದಕ್ಕೆ ಒಂದು! ಅಂಥದ್ದನ್ನು ತಡೆದದ್ದು ತಡವಾಯಿತೆಂದೇ ನನ್ನ ಅಭಿಪ್ರಾಯ.

ಹಾಗಾದರೆ ಆಸ್ಪಿರಿನ್ ಮತ್ತು ಒಪಿಯಾಯ್ಡ್ ಕೂಟ ನಮ್ಮ ತಾಲ್ಲೂಕುಗಳಲ್ಲಿ ಇಲ್ಲವೇ? ಇದೆ. ಕಂಪನಿ ಕೂಡಿಸದಿದ್ದರೂ ನಮ್ಮ ಪ್ರಯಾಣ ಕೂಡಿಸುತ್ತದೆ. ಮಿರಜದ ಆಸ್ಪಿರಿನ್ನೂ ಕೊಲ್ಲಾಪುರದ ಟ್ರಾಮಡಾಲೂ ಒಂದೇ ಹೊಟ್ಟೆ ಸೇರುತ್ತವೆ. 75 ಮಿಲಿಗ್ರಾಂ ಆಸ್ಪಿರಿನ್ ಜೊತೆ ಟ್ರಾಮಡಾಲ್ ಕೊಡಲೇಬಾರದು ಎಂದೇನಿಲ್ಲ. ಆಸ್ಪಿರಿನ್ ಇರುವ ವಯಸ್ಸಾದವರಿಗೆ ಅದರ ದಾರಿಯಲ್ಲೇ ಕೆಲಸ ಮಾಡುವ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್‌ಗಿಂತ ಮೊದಲು ಬರೀ ಪ್ಯಾರಾಸಿಟಮಾಲ್, ಅದು ಸಾಲದಿದ್ದರೆ ಕೆಲವು ದಿನ ಸಣ್ಣ ಡೋಸಿನ ಟ್ರಾಮಡಾಲ್ ಎಂದು ಡಾಕ್ಟರು ಯೋಚಿಸಿಯೇ ಬರೆಯಬಹುದು. ಆ ಯೋಚನೆಗೆ ಪೂರ್ತಿ ಪಟ್ಟಿ ಅವರ ಕಣ್ಣಮುಂದೆ ಇರಬೇಕು. ಐಬುಪ್ರೊಫೆನ್ ವಿಷಯ ಇನ್ನೂ ಸೂಕ್ಷ್ಮ. ಅದನ್ನು ಆಸ್ಪಿರಿನ್ನಿಗಿಂತ ಮೊದಲು ನುಂಗಿದರೆ ಆಸ್ಪಿರಿನ್ ಕೂರಬೇಕಾದ ಜಾಗವನ್ನು ಅದು ಹಿಡಿದುಬಿಡುತ್ತದೆ. ಹೃದಯಕ್ಕೆಂದು ತೆಗೆದುಕೊಂಡ ಗುಳಿಗಿ ವ್ಯರ್ಥವಾಗಬಹುದು.

ಟ್ರಾಮಡಾಲಿಗೆ ಒಂದು ವಿಶೇಷ ಗುಣವಿದೆ. ಅದು ಒಪಿಯಾಯ್ಡ್ ಮಾತ್ರ ಅಲ್ಲ, ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನೂ ಏರಿಸುತ್ತದೆ. ಫಿಟ್ಸ್ ಬರುವವರಿಗೆ ಇದು ಅಪಾಯ. ಖಿನ್ನತೆಗೆ ಎಸ್ಸಿಟಾಲೋಪ್ರಾಮ್‌ನಂಥ ಗುಳಿಗಿ ತೆಗೆದುಕೊಳ್ಳುವವರಲ್ಲಿ ಮೈನಡುಕ, ಬೆವರು, ಗೊಂದಲ ಹುಟ್ಟಬಹುದು. ಆ ಗುಳಿಗಿಗಳಿಗೆ ಆಸ್ಪಿರಿನ್ ಸೇರಿದರೆ ರಕ್ತಸ್ರಾವದ ಭಯ ಮತ್ತಷ್ಟು ಹೆಚ್ಚು. ಮಾನಸಿಕ ಚಿಕಿತ್ಸೆಯ ಚೀಟಿಯನ್ನು ನಮ್ಮ ಹೆಣ್ಣುಮಕ್ಕಳು ಮನೆಯವರಿಂದಲೂ ಮುಚ್ಚಿಡುತ್ತಾರೆ. ಎಲುಬಿನ ಡಾಕ್ಟರಿಗಂತೂ ಹೇಳುವುದೇ ಇಲ್ಲ. ಈ ಒಂದು ಗುಟ್ಟು ಡಾಕ್ಟರ ಮುಂದೆ ಬೇಡವೇ ಬೇಡ, ತಾಯಂದಿರೇ. ನಿದ್ದೆಗೆಂದು ಆಲ್ಪ್ರಾಜೊಲಾಮ್ ತೆಗೆದುಕೊಳ್ಳುವವರು, ಸಂಜೆ ಕುಡಿಯುವವರು ಟ್ರಾಮಡಾಲ್ ತೆಗೆದುಕೊಂಡರೆ ಎರಡೂ ಸೇರಿ ಉಸಿರನ್ನು ಅದುಮುತ್ತವೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಟ್ರಾಮಡಾಲ್, ಕೋಡೀನ್ ಬೇಡವೆಂದು ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಹಾಲೂಡಿಸುವ ತಾಯಂದಿರಿಗೂ ಅದೇ ಎಚ್ಚರಿಕೆ. ಜ್ವರ ಬಂದ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ರೇ ಸಿಂಡ್ರೋಮ್ ಎಂಬ ಮಿದುಳು, ಯಕೃತ್ತುಗಳನ್ನು ಕೆಡಿಸುವ ಕಾಯಿಲೆಗೆ ಅದು ದಾರಿಯಾಗಬಹುದು.

ಕಬ್ಬಿನ ಹಂಗಾಮು ಶುರುವಾದರೆ ನನ್ನ ಅಂಗಡಿಗೆ ಬೇರೆಯೇ ಗಿರಾಕಿಗಳು. ನಸುಕಿನಲ್ಲಿ ಕೊಯ್ತ ಹಿಡಿದು ಬಗ್ಗಿದವರು, ಕಟ್ಟಿದ ಹೊರೆಯನ್ನು ತಲೆ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುವವರು. ಗಂಡ ಹೆಂಡತಿ ಜೋಡಿಯಾಗಿ ದುಡಿಯುತ್ತಾರೆ. ಅವರ ನೋವು ನಿಜವಾದ ನೋವು. ಆದರೆ ಬಿಸಿಲಲ್ಲಿ ನೀರಿಲ್ಲದೆ ಬೆವರಿದ ದೇಹಕ್ಕೆ ಆಸ್ಪಿರಿನ್, ಡೈಕ್ಲೋಫೆನಾಕ್ ಬಿದ್ದರೆ ಮೂತ್ರಪಿಂಡಕ್ಕೆ ರಕ್ತ ಹೋಗುವ ದಾರಿ ಕಿರಿದಾಗುತ್ತದೆ. ಬಿಪಿ ಗುಳಿಗಿ ನುಂಗುವವರಿಗೆ ಇನ್ನೂ ಕಷ್ಟ.

“ಅಕ್ಕಾ, ಹ್ವಾದ ಸಲದ ಆ ಗುಳಿಗಿನ ಕೊಡ್ರಿ. ಅದನ್ನ ನುಂಗಿದ್ರನ ಕೈ ಏಳತಾವು.”

“ಎಷ್ಟ ದಿನದಿಂದ ತಗೋತೀಯಪಾ ತಮ್ಮಾ?”

“ಹಂಗಾಮ ಚಾಲೂ ಆದಾಗಿಂದ್ರೀ.”

ಆ ಹುಡುಗ ತೋರಿಸಿದ ಖಾಲಿ ಪಟ್ಟಿಯ ಮೂಲೆಯಲ್ಲಿ ಕೆಂಪಕ್ಷರದಲ್ಲಿ ಎನ್‌ಆರ್‌ಎಕ್ಸ್ ಎಂದಿತ್ತು. ಅದರರ್ಥ, ಮಾದಕ ವಸ್ತುಗಳ ಕಾನೂನಿಗೂ ಒಳಪಟ್ಟ ಔಷಧ ಎಂದು. ಟ್ರಾಮಡಾಲನ್ನು 2018ರ ಏಪ್ರಿಲ್‌ನಲ್ಲಿ ಆ ಕಾನೂನಿನೊಳಗೆ ತಂದರು. ಅದಕ್ಕೂ ಮೊದಲು, 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಪಟ್ಟಿಯಲ್ಲಿ ಟ್ರಾಮಡಾಲ್, ಕೋಡೀನ್ ಎರಡೂ ಇವೆ. ಆ ಪಟ್ಟಿಯ ಔಷಧ ಮಾರಿದರೆ ಬೇರೆ ರಿಜಿಸ್ಟರಿನಲ್ಲಿ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟೆವು ಎಂಬುದನ್ನು ಬರೆದು ಮೂರು ವರ್ಷ ಕಾಪಾಡಬೇಕು. ಚೀಟಿ ಇಲ್ಲದೆ ಕೊಡುವಂತಿಲ್ಲ. ಹುಡುಗನಿಗೆ ಇಲ್ಲ ಅಂದೆ. ಇಲ್ಲ ಅಂದು ಸುಮ್ಮನೆ ಕಳಿಸುವಂತೆಯೂ ಇರಲಿಲ್ಲ. ವಾರಗಟ್ಟಲೆ ನುಂಗಿದವರು ಒಮ್ಮೆಲೇ ಬಿಟ್ಟರೆ ಬೆವರು, ಚಡಪಡಿಕೆ, ನಿದ್ದೆಗೇಡು, ಮೈಯೆಲ್ಲ ನೋವು. ಅದನ್ನು ಹಳೆಯ ನೋವೇ ಮರಳಿತೆಂದು ತಿಳಿದು ಇನ್ನೊಂದು ಅಂಗಡಿ ಹುಡುಕುತ್ತಾರೆ. ಡಾಕ್ಟರ ಕಣ್ಣಳತೆಯಲ್ಲಿ ಡೋಸನ್ನು ಹಂತಹಂತವಾಗಿ ಇಳಿಸಬೇಕು. ಇದನ್ನೆಲ್ಲ ಹೇಳಿ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ.

ಇಷ್ಟು ಬರೆದದ್ದನ್ನು ಓದಿ ಕ್ಯಾನ್ಸರ್ ರೋಗಿಗಳ ಮನೆಯವರು ಹೆದರಬಾರದು. ನಿಪ್ಪಾಣಿಯ ತಂಬಾಕಿನ ಘಾಟಿನಲ್ಲಿ ಬೆಳೆದವಳು ನಾನು. ಬಾಯಿ, ಗಂಟಲಿನ ಕ್ಯಾನ್ಸರಿನ ನೋವು ಎಂಥದೆಂದು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಆ ನೋವಿಗೆ ಮಾರ್ಫಿನ್ ಕೊಡುವುದು ತಪ್ಪಲ್ಲ, ಕೊಡದಿರುವುದೇ ಅನ್ಯಾಯ. ನೋವಿಗೆ ತಕ್ಕಂತೆ ಮೆಟ್ಟಿಲೇರಿಸುತ್ತ ಒಪಿಯಾಯ್ಡ್ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿತು. ಮಾದಕ ವಸ್ತುಗಳ ಕಾನೂನಿನ ತೊಡಕಿನಿಂದ ನಮ್ಮ ಆಸ್ಪತ್ರೆಗಳಿಗೆ ಮಾರ್ಫಿನ್ ಸಿಗುವುದು ಕಷ್ಟವಾಗಿತ್ತು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು. ಅಲ್ಲಿ ಕೂಡ ಡಾಕ್ಟರುಗಳು ಬರೀ ಮಾರ್ಫಿನ್ನನ್ನೇ ಬೇರೆಯಾಗಿ ಕೊಡುತ್ತಾರೆ. ಬೇರೆ ಔಷಧದ ಮಿತಿ ಅಡ್ಡ ಬರದೆ ನೋವಿಗೆ ಬೇಕಾದಷ್ಟು ಏರಿಸಬಹುದು.

ಕರ್ನಾಟಕ, ಮಹಾರಾಷ್ಟ್ರ ಗಡಿಯ ಎರಡೂ ಕಡೆಯ ಡಾಕ್ಟರ ಸಾಹೇಬರಲ್ಲಿ ನನ್ನದೊಂದು ವಿನಂತಿ. ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟು ದೊಡ್ಡಕ್ಷರದಲ್ಲಿ ಬರೆಯಿರೆಂದು 2016ರಲ್ಲೇ ವೈದ್ಯಕೀಯ ಮಂಡಳಿಯ ನಿಯಮ ಬಂದಿದೆ. ಅದರ ಪಕ್ಕದಲ್ಲೇ ರೋಗಿ ಮೊದಲಿಂದ ತೆಗೆದುಕೊಳ್ಳುತ್ತಿರುವ ಗುಳಿಗಿಗಳನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಹುಣ್ಣು, ಅಸ್ತಮಾ, ಫಿಟ್ಸ್, ಕುಡಿತ ಇವನ್ನು ಕೇಳಿದ ಮೇಲೆಯೇ ನೋವಿನ ಗುಳಿಗಿಯ ಹೆಸರು ಬರೆಯಿರಿ. ಮೊದಲ ಸಲ ಮೂರು ದಿನಕ್ಕೋ ಐದು ದಿನಕ್ಕೋ ಬರೆದರೆ ಸಾಕು. ತಿಂಗಳಿಗೆ ಬರೆದ ಚೀಟಿಯನ್ನು ಕಾಗವಾಡದ ರೋಗಿ ಮೂರು ತಿಂಗಳು ತೋರಿಸುತ್ತಾ ಬರುತ್ತಾನೆ. ಚೀಟಿಯ ಮೇಲೆ ನಿಮ್ಮ ಫೋನ್ ನಂಬರು ಓದುವಂತಿರಲಿ. ಸಂಶಯ ಬಂದಾಗ ನಾವು ಕರೆ ಮಾಡುತ್ತೇವೆ. ಆ ಕರೆಯನ್ನು ದಯವಿಟ್ಟು ಎತ್ತಿಕೊಳ್ಳಿ.